ಮಗಳಿಗೊಂದು ಪತ್ರ: ಔಷಧಿಗೂ ಮೊದಲು ಮರಿಯನ್ನು ಕೈಗೆತ್ತಿಕೋ

ಪ್ರೀತಿಯ ಮಗಳೇ,

ನಿನ್ನ ರೇಸಿನ ಪಾರಿವಾಳದ ಮರಿಗಳಲ್ಲಿ ಮೂರು ಮುದುಡಿ ಕೂತಿವೆ, ಅದರಲ್ಲಿ ಒಂದು ಬೆಳಿಗ್ಗೆ ಕಾಳು ಕಕ್ಕಿದೆ, ಏನು ಔಷಧಿ ಹಾಕಲಿ ಅಂತ ಕೇಳಿದ್ದೀಯ. ಮೊದಲು ಆ ಮೂರನ್ನೂ ಬೇರೆ ಪೆಟ್ಟಿಗೆಗೆ ಹಾಕು. ಅವಕ್ಕೆ ನೀರಿನ ಪಾತ್ರೆ ಬೇರೆ ಇಡು, ಗಾಳಿ ಬೀಸದ ಬೆಚ್ಚಗಿನ ಜಾಗ ನೋಡು. ಉಳಿದ ಮರಿಗಳನ್ನು ಇವತ್ತು ಹಾರಿಸಬೇಡ. ಇಷ್ಟು ಮಾಡಿ ಬಂದು ಮುಂದಕ್ಕೆ ಓದು.

ಇಷ್ಟು ಅವಸರ ಮಾಡುತ್ತಿರುವವಳು ಔಷಧಿಗೆ ಮಾತ್ರ ಯಾಕೆ ತಡೆಯುತ್ತಿದ್ದೇನೆ ಅಂದರೆ, ಮರಿಗಳ ಕಾಯಿಲೆಗಳು ಮೊದಲ ದಿನ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಪುಕ್ಕ ಉಬ್ಬಿರುತ್ತದೆ, ಕಣ್ಣು ಅರ್ಧ ಮುಚ್ಚಿರುತ್ತದೆ, ಹಿಕ್ಕೆ ಹಸಿರಾಗಿರುತ್ತದೆ. ಹಸಿರು ಅಂದ ತಕ್ಷಣ ಇಂಥದೇ ರೋಗ ಅಂತ ಹೇಳೋಕೆ ಆಗಲ್ಲ. ಹೊಟ್ಟೆಗೆ ಕಾಳು ಬೀಳದೆ ಬರೀ ಪಿತ್ತ ಇಳಿದರೂ ಹಿಕ್ಕೆ ಹಸಿರೇ ಆಗುತ್ತದೆ. ದೂರದಿಂದ ನೋಡಿ ಪುಡಿ ಕಲಸಿದರೆ ಸುಮ್ನೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಮರಿಯನ್ನು ಕೈಗೆತ್ತಿಕೋ. ಕಾಲುಗಳು ನಿನ್ನ ತೋರುಬೆರಳು, ನಡುಬೆರಳಿನ ಮಧ್ಯೆ ಇರಲಿ, ಹೆಬ್ಬೆರಳು ರೆಕ್ಕೆ ತುದಿಯ ಮೇಲಿರಲಿ. ಎದೆಮೂಳೆಯ ಉದ್ದಕ್ಕೂ ಬೆರಳು ಎಳೆ. ಎರಡೂ ಬದಿಯ ಮಾಂಸ ಇಳಿದು ಮೂಳೆ ಚೂಪಾಗಿ ತಾಗಿದರೆ ಕಾಯಿಲೆ ಇವತ್ತು ಶುರುವಾದದ್ದಲ್ಲ, ನಿನಗೆ ಕಂಡದ್ದು ಇವತ್ತು ಅಷ್ಟೇ. ಆಮೇಲೆ ಕುತ್ತಿಗೆಯ ಬುಡದಲ್ಲಿ, ನುಂಗಿದ ಕಾಳು ಮೊದಲು ನಿಲ್ಲುವ ಚೀಲ ಮುಟ್ಟು. ರಾತ್ರಿ ಕಳೆದ ಮೇಲೆ ಅದು ಖಾಲಿ ಇರಬೇಕು. ನಿನ್ನೆಯ ಕಾಳು ಹಾಗೇ ಇದ್ದು ನೀರು ಕುಲುಕಾಡಿದರೆ, ಬಾಯಿಂದ ಹುಳಿ ವಾಸನೆ ಬಂದರೆ, ಒಳಗೆ ಏನೂ ಮುಂದಕ್ಕೆ ಹೋಗುತ್ತಿಲ್ಲ ಅಂತ ಅರ್ಥ. ಕೊಕ್ಕು ಬಿಡಿಸಿ ಗಂಟಲಿಗೆ ಬೆಳಕು ಬಿಡು. ಗುಲಾಬಿ ಬಣ್ಣ ಇದ್ದರೆ ಒಳ್ಳೆಯದು. ಹಳದಿ ಗಿಣ್ಣಿನ ಥರದ ಗಂಟು ಇದೆಯಾ, ಲೋಳೆ ದಾರದ ಹಾಗೆ ಎಳೆಯುತ್ತಿದೆಯಾ ನೋಡು. ಮೂಗಿನ ಮೇಲಿನ ಗಡ್ಡೆ ಬೆಳ್ಳಗಿಲ್ಲ ಅಂತ ಗಾಬರಿಯಾಗಬೇಡ, ಎಳೆಯ ಮರಿಗಳಲ್ಲಿ ಅದು ಇನ್ನೂ ಬಿಳಿಯಾಗಿರದೆ ಇರಬಹುದು. ಕೊನೆಗೆ ರೆಕ್ಕೆಯ ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡು, ಬಾವು ಇದ್ದರೆ ಕೈಗೆ ಸಿಗುತ್ತದೆ.

ಈ ರಾತ್ರಿ ಅವು ಕೂರುವ ಕಡೆ ಕೆಳಗೆ ಕಾಗದ ಹಾಸು. ಒಳ್ಳೆಯ ಹಿಕ್ಕೆ ಕಂದು ಬಣ್ಣದ ಗಟ್ಟಿ ಉಂಡೆ, ಮೇಲೆ ಬಿಳಿ ಟೋಪಿ. ಬೆಳಿಗ್ಗೆ ಯಾವ ಮರಿಯ ಕೆಳಗೆ ಎಂಥದು ಬಿದ್ದಿದೆ ಅಂತ ಗೊತ್ತಾಗುತ್ತದೆ.

ನೀನು ಬರೆದದ್ದು ನೋಡಿದರೆ ನನಗೆ ಅನುಮಾನ ಮರಿಗಳ ವಾಂತಿ ರೋಗದ ಮೇಲೆ. ತಾಯಿ ತಂದೆಯಿಂದ ಬೇರೆ ಮಾಡಿದ ನಂತರದ ವಾರಗಳಲ್ಲಿ, ಅದೂ ಬುಟ್ಟಿಯಲ್ಲಿ ದೂರ ಒಯ್ದು ಹಾರಿಸಲು ಶುರು ಮಾಡಿದಾಗ ಇದು ಜಾಸ್ತಿ. ಹೊಸ ಗೂಡು, ಕಿಕ್ಕಿರಿದ ಮರಿಗಳು, ಬುಟ್ಟಿಯ ಸೆಕೆ, ಎಲ್ಲ ಭಾರವೂ ಒಟ್ಟಿಗೆ ಬೀಳುತ್ತದೆ ಅಲ್ವಾ. ಅದರ ಹಿಂದೆ ಒಂದೇ ಕ್ರಿಮಿ ಇರುವುದಿಲ್ಲ. ಸರ್ಕೋವೈರಸ್ ಮರಿಯ ರೋಗ ತಡೆಯುವ ಶಕ್ತಿಯನ್ನೇ ಕೆಡಿಸುತ್ತದೆ. ಅಡೆನೋವೈರಸ್ ಕರುಳಿಗೆ ಏಟು ಹಾಕುತ್ತದೆ, ಆ ಸಂದಿಯಲ್ಲಿ ಇ-ಕೋಲಿ ಬ್ಯಾಕ್ಟೀರಿಯಾ ಹೆಚ್ಚಿಕೊಳ್ಳುತ್ತದೆ. 2016ರಲ್ಲಿ ಆಸ್ಟ್ರೇಲಿಯಾದ ಪರ್ತ್ ಕಡೆ ಪಾರಿವಾಳಗಳು ಹೀಗೇ ಕಕ್ಕಿ ಸತ್ತಾಗ ಪರೀಕ್ಷೆಯಲ್ಲಿ ಸಿಕ್ಕಿದ್ದು ರೋಟಾವೈರಸ್. ಆಮೇಲೆ ಯೂರೋಪಿನ ಗೂಡುಗಳಲ್ಲೂ ಅದು ಪತ್ತೆಯಾಯಿತು.

ವೈರಸ್‌ಗೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಮರಿಯನ್ನು ಉಳಿಸುವುದು ಆರೈಕೆ. ಚೀಲದಲ್ಲಿ ಕಾಳು ನಿಂತ ಮರಿಗೆ ಒಂದು ದಿನ ಕಾಳು ನಿಲ್ಲಿಸು. ನೀರು ಮಾತ್ರ ನಿಲ್ಲಿಸಬೇಡ. ಹಕ್ಕಿಗಳ ಎಲೆಕ್ಟ್ರೋಲೈಟ್ ಅಥವಾ ಓಆರ್‌ಎಸ್ ಬೆರೆಸಿದ ನೀರು ಇಟ್ಟು, ದಿನಕ್ಕೆ ಎರಡು ಸಲ ಬದಲಿಸು. ಚೀಲ ಖಾಲಿಯಾದ ಮೇಲೆ ಬಾರ್ಲಿಯಂಥ ಹಗುರ ಕಾಳು ಸ್ವಲ್ಪ ಸ್ವಲ್ಪ ಕೊಡು. ಬಟಾಣಿ, ಮೆಕ್ಕೆಜೋಳ ಈಗಲೇ ಬೇಡ. ಇ-ಕೋಲಿ ಸೇರಿಕೊಂಡಿದೆ ಅಂತ ಪಶುವೈದ್ಯರು ಹೇಳಿದರೆ ಮಾತ್ರ ಆ್ಯಂಟಿಬಯಾಟಿಕ್, ಅದೂ ಅವರು ಹೇಳಿದಷ್ಟು ದಿನ ಪೂರ್ತಿ.

ಗಂಟಲಲ್ಲಿ ಹಳದಿ ಗಂಟು ಸಿಕ್ಕರೆ ದಾರಿ ಬೇರೆ. ಅದು ಕ್ಯಾಂಕರ್ ಅನ್ನುವ ರೋಗ, ಟ್ರೈಕೊಮೊನಾಸ್ ಎಂಬ ಸೂಕ್ಷ್ಮಜೀವಿಯ ಕೆಲಸ. ದೊಡ್ಡ ಪಾರಿವಾಳಗಳು ಅದನ್ನು ಹೊತ್ತುಕೊಂಡೇ ಆರಾಮಾಗಿರುತ್ತವೆ, ಗುಟುಕು ಕೊಡುವಾಗ ಮರಿಗೆ ದಾಟಿಸುತ್ತವೆ. ಇದಕ್ಕೆ ರೋನಿಡಜೋಲ್, ಕಾರ್ನಿಡಜೋಲ್‌ನಂಥ ಔಷಧಿ ಚೆನ್ನಾಗಿ ಕೇಳುತ್ತದೆ. ನೀರಿನ ಪಾತ್ರೆಯಿಂದಲೂ ಹರಡುವುದರಿಂದ ಗೂಡಿಗೆಲ್ಲ ಒಟ್ಟಿಗೇ ಕೊಡಬೇಕು. ಆ ಗಂಟನ್ನು ಕೆರೆದು ತೆಗೆಯಲು ಹೋಗಬೇಡ, ರಕ್ತ ಕಿತ್ತುಕೊಂಡು ಬರುತ್ತದೆ.

ಕರುಳಲ್ಲಿ ಬೆಳೆಯುವ ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿ ಇದ್ದರೆ ಮರಿ ತೆಳ್ಳಗೆ ಹಿಕ್ಕೆ ಹಾಕುತ್ತಾ ಸೊರಗುತ್ತದೆ. ಔಷಧಿಗೆ ಟೋಲ್ಟ್ರಾಜುರಿಲ್ ಇದೆ, ಆಂಪ್ರೋಲಿಯಂ ಇದೆ, ಆದರೆ ನೆಲ ಒದ್ದೆ ಇದ್ದರೆ ಎರಡೂ ದಂಡ. ಹಿಕ್ಕೆಯಲ್ಲಿ ಬಿದ್ದ ಅದರ ಮೊಟ್ಟೆ ರೋಗ ಹರಡುವಷ್ಟು ಬಲಿಯಲು ತೇವ ಬೇಕು, ಒಂದೆರಡು ದಿನವೂ ಬೇಕು. ದಿನಾ ಕೆರೆದು ನೆಲ ಒಣಗಿಸಿಟ್ಟರೆ ಅಲ್ಲಿಗೇ ಕಡಿಯುತ್ತದೆ. ಈ ಕೆಲಸ ನಿನಗೆ ಬೇಜಾರು ಅಂತ ಗೊತ್ತು, ಆದರೂ ಬಿಡಬೇಡ ಮಗಳೇ.

ನನಗೆ ನಿಜವಾಗಿ ಹೆದರಿಕೆ ಇರುವುದು ಪ್ಯಾರಾಮಿಕ್ಸೊವೈರಸ್ ಬಗ್ಗೆ. 1970ರ ದಶಕದ ಕೊನೆಯಲ್ಲಿ ಮಧ್ಯಪ್ರಾಚ್ಯದಲ್ಲಿ ಕಾಣಿಸಿಕೊಂಡು, 80ರ ದಶಕದಲ್ಲಿ ಯೂರೋಪಿಗೆಲ್ಲ ಹಬ್ಬಿದ ರೋಗ ಇದು. ಮರಿ ವಿಪರೀತ ನೀರು ಕುಡಿಯುತ್ತದೆ, ಹಿಕ್ಕೆ ಕೊಚ್ಚೆಯಲ್ಲ, ನೀರಿನ ಮಡುವಿನ ಮಧ್ಯೆ ಒಂದು ಎಳೆ ಅಷ್ಟೇ. ಕಾಳು ಒಂದು ಕಡೆ ಇದ್ದರೆ ಕೊಕ್ಕು ಇನ್ನೊಂದು ಕಡೆ ಕುಕ್ಕುತ್ತದೆ. ಕುತ್ತಿಗೆ ತಿರುಚಿಕೊಳ್ಳುತ್ತದೆ. ಹೀಗೆ ಕಂಡರೆ ಅದೇ ದಿನ ಪಶುವೈದ್ಯರಿಗೆ ತಿಳಿಸು, ಗೂಡಿನಿಂದ ಒಂದು ಹಕ್ಕಿಯೂ ಆಚೆ ಹೋಗಬಾರದು. ಔಷಧಿ ಇಲ್ಲ. ಕಾಳನ್ನು ಆಳದ ಬಟ್ಟಲಲ್ಲಿ ತುಂಬಿಟ್ಟರೆ, ಬೇಕಾದರೆ ಕೈಯಿಂದ ತಿನ್ನಿಸಿದರೆ ಎಷ್ಟೋ ಮರಿಗಳು ವಾರಗಟ್ಟಲೆ ಕಳೆದು ಚೇತರಿಸಿಕೊಳ್ಳುತ್ತವೆ. ಲಸಿಕೆ ಕಾಯಿಲೆ ಬರುವ ಮೊದಲೇ ಬೀಳಬೇಕು. ಕುತ್ತಿಗೆಯ ಕೆಳಭಾಗದ ಚರ್ಮದಡಿ ಕೊಡುವುದನ್ನು ವೈದ್ಯರ ಹತ್ತಿರ ಒಂದು ಸಲ ನೋಡಿ ಕಲಿತುಕೋ. ಕುತ್ತಿಗೆ ತಿರುಚಿರುವ ಮರಿಯ ರೆಕ್ಕೆ ಕೀಲಲ್ಲಿ ಬಾವೂ ಇದ್ದರೆ ಸಾಲ್ಮೊನೆಲ್ಲಾ ಇರಬಹುದು. ಅದು ಬ್ಯಾಕ್ಟೀರಿಯಾ, ಚಿಕಿತ್ಸೆ ಇದೆ, ಆದರೆ ಪರೀಕ್ಷೆ ಮಾಡಿಸದೆ ಶುರು ಮಾಡಬೇಡ.

ಒಂದೇ ಕಣ್ಣಲ್ಲಿ ನೀರು ಸುರಿಯುತ್ತಿದ್ದರೆ ಕ್ಲಮೈಡಿಯಾ ಎಂಬ ಬ್ಯಾಕ್ಟೀರಿಯಾ ನೆನಪಿರಲಿ. ವೈದ್ಯರು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಬರೆದರೆ ಅಷ್ಟು ದಿನ ಗ್ರಿಟ್, ಅಂದರೆ ಹಕ್ಕಿಗಳಿಗೆ ಇಡುವ ಕಲ್ಲು-ಚಿಪ್ಪಿನ ಚೂರು, ತೆಗೆದಿಡು, ಅದರ ಕ್ಯಾಲ್ಸಿಯಂ ಔಷಧಿಯನ್ನು ಹಿಡಿದುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ. ಇದೂ ಸಾಲ್ಮೊನೆಲ್ಲಾನೂ ಮನುಷ್ಯರಿಗೂ ಬರುತ್ತವೆ. ಗೂಡು ಕೆರೆಯುವಾಗ ಮಾಸ್ಕ್ ಹಾಕು, ಕೈ ತೊಳೆಯದೆ ಏನೂ ತಿನ್ನಬೇಡ. ನಿನ್ನ ಶ್ವಾಸಕೋಶಕ್ಕಿಂತ ಯಾವ ರೇಸೂ ದೊಡ್ಡದಲ್ಲ.

ಎಲ್ಲ ರೋಗಕ್ಕೂ ಒಂದೇ ಅಂತ ಮಾರುವ ಮಿಶ್ರಣದ ಪುಡಿಗಳು ನನಗೆ ಸ್ವಲ್ಪವೂ ಇಷ್ಟವಿಲ್ಲ. ಯಾವುದಕ್ಕೂ ಸರಿಯಾದ ಪ್ರಮಾಣ ಸಿಗದೆ ಕ್ರಿಮಿಗಳು ಔಷಧಿಗೆ ಒಗ್ಗಿಹೋಗುತ್ತವೆ. ನೀರಲ್ಲಿ ಬೆರೆಸಿದ ಔಷಧಿಯಲ್ಲೂ ತೊಂದರೆ ಇದೆ. ಜಾಸ್ತಿ ಕಾಯಿಲೆ ಬಿದ್ದ ಮರಿ ನೀರೇ ಕುಡಿಯುವುದಿಲ್ಲ. ಅಂಥದಕ್ಕೆ ತೂಕ ನೋಡಿ, ವೈದ್ಯರು ಹೇಳಿದ ಲೆಕ್ಕದಲ್ಲಿ ಬಾಯಿಗೇ ಹಾಕಬೇಕು.

ನಾಳೆ ಬೆಳಿಗ್ಗೆ ಆ ಕಾಗದದಿಂದ ತಾಜಾ ಹಿಕ್ಕೆ ಡಬ್ಬಿಗೆ ತುಂಬಿಸಿ, ಕಕ್ಕಿದ ಮರಿಯನ್ನೂ ಜೊತೆಗೆ ಪಶುವೈದ್ಯರ ಹತ್ತಿರ ಒಯ್ಯಿ. ಗಂಟಲ ಲೋಳೆಯನ್ನು ಅಲ್ಲೇ, ಆಗಲೇ ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳು. ಟ್ರೈಕೊಮೊನಾಸ್ ಆರಿಹೋದರೆ ಅಲುಗಾಡುವುದಿಲ್ಲ, ಕಣ್ಣಿಗೂ ಬೀಳುವುದಿಲ್ಲ. ರಾತ್ರಿಯೊಳಗೆ ಒಂದು ಸತ್ತರೆ ಹೂಳಬೇಡ. ಕವರಲ್ಲಿ ಸುತ್ತಿ ತಣ್ಣಗಿಡು, ಫ್ರೀಜರ್‌ಗೆ ಮಾತ್ರ ಹಾಕಬೇಡ, ಹೆಪ್ಪುಗಟ್ಟಿದರೆ ಒಳಗಿನ ಭಾಗಗಳ ಪರೀಕ್ಷೆ ಕೆಡುತ್ತದೆ. ವೈದ್ಯರು ಅದನ್ನು ಕೊಯ್ದು ನೋಡಿದರೆ ಉಳಿದವುಗಳಿಗೆ ಏನು ಕೊಡಬೇಕು ಅಂತ ತಿಳಿಯುತ್ತದೆ. ವೈದ್ಯರು ಏನಂದರು ಅಂತ ತಕ್ಷಣ ಬರಿ.

ನಿನ್ನ
ಅಮ್ಮ