ಶನಿವಾರದ ಚರ್ಚೆಗೆ ಮುನ್ನ

ಸ್ನೇಹಿತರೇ,

ಈ ಶನಿವಾರ ರಾತ್ರಿ 8ಕ್ಕೆ ಗುಂಪಿನಲ್ಲಿ ಚರ್ಚೆ ಇದೆ. ವಿಷಯ: ಒಂದು ಸೀಮೆಯವರನ್ನೆಲ್ಲ ಒಂದೇ ಅಚ್ಚಿಗೆ ಹಾಕಿ ತೋರಿಸುವ ಸಿನಿಮಾಗಳು.

ಅಷ್ಟರೊಳಗೆ 1968ರ ಹಿಂದಿ ಚಿತ್ರ ‘ಪಡೋಸನ್’ ನೋಡಿರಿ. ಪುರುಸೊತ್ತಿಲ್ಲದವರು ‘ಏಕ್ ಚತುರ್ ನಾರ್’ ಹಾಡನ್ನಾದರೂ ನೋಡಿ. ಮೆಹಮೂದ್ ಅಭಿನಯಿಸಿದ ದಕ್ಷಿಣದ ಸಂಗೀತದ ಮೇಷ್ಟ್ರಿಗೆ ಜುಟ್ಟು, ಬೇಕೆಂದೇ ತಿರುಚಿದ ಹಿಂದಿ. ಆತ ನಿಜಕ್ಕೂ ವಿದ್ವಾಂಸ. ಆದರೂ ಗೆಳೆಯ ಮರೆಯಲ್ಲಿ ಹಾಡುತ್ತಿರುವಾಗ ಬರೀ ತುಟಿಯಾಡಿಸುವ ನಾಯಕನೆದುರು ಸೋಲಬೇಕು. ಮೇಷ್ಟ್ರಿಗೆ ದನಿ ಕೊಟ್ಟವರು ಶಾಸ್ತ್ರೀಯ ಸಂಗೀತದಲ್ಲಿ ಪಳಗಿದ ಮನ್ನಾ ಡೇ, ಗೆಲ್ಲುವ ದನಿ ಕಿಶೋರ್ ಕುಮಾರ್ ಅವರದು. ಹಾಡು ಸೊಗಸಾಗಿದೆ, ನನಗೂ ನಗು ಬರುತ್ತದೆ. ತಕರಾರಿರುವುದೂ ಅಲ್ಲಿಯೇ.

ಹಿಂದಿಯವರನ್ನು ಬೈದು ಕೈತೊಳೆದುಕೊಳ್ಳುವ ಹಾಗಿಲ್ಲ. ನಮ್ಮ ಎಷ್ಟೋ ಚಿತ್ರಗಳಲ್ಲಿ ಧಾರವಾಡ, ಕಲಬುರಗಿ ಕಡೆಯ ಮಾತು ಹಾಸ್ಯ ಪಾತ್ರದ ಬಾಯಿಗೇ ಮೀಸಲು. ನಾಯಕ ಮಾತ್ರ ಯಾವ ಊರಿನವನಾದರೂ ಬೆಂಗಳೂರು-ಮೈಸೂರಿನ ಕನ್ನಡವನ್ನೇ ಆಡುತ್ತಾನೆ! ಇದಕ್ಕೆ ಪಕ್ಕದಲ್ಲಿಟ್ಟು ನೋಡಲು 2015ರ ‘ತಿಥಿ’ ಇದೆ. ಮಂಡ್ಯ ಕಡೆಯ ಹಳ್ಳಿಯವರೇ ಅದರಲ್ಲಿ ನಟಿಸಿದ್ದಾರೆ. ಅದರಲ್ಲಿನ ಮುದುಕ ಗಡ್ಡಪ್ಪನನ್ನು ಕಂಡು ನಗುತ್ತೇವೆ, ಆದರೆ ಹಳ್ಳಿಯವನೆಂಬ ಕಾರಣಕ್ಕಲ್ಲ. ಆಸ್ತಿ, ಮಗನ ಆತುರ ಯಾವುದೂ ತನ್ನದಲ್ಲವೆಂಬಂತೆ ಅವನು ನಡೆದುಹೋಗುವ ರೀತಿಗೆ.

ಪ್ರತಿಯೊಬ್ಬರೂ ಒಂದೇ ಒಂದು ದೃಶ್ಯ ಆರಿಸಿ: ಉಡುಪು ಏನು, ಮಾತು ಹೇಗೆ, ಯಾರು ಯಾರನ್ನು ನೋಡಿ ನಗುತ್ತಾರೆ ಎಂದು ನಾಲ್ಕು ಸಾಲು ಬರೆಯಿರಿ. ಬೇರೆಡೆಯಿಂದ ಬಂದ ಸಂದೇಶಗಳನ್ನು ದಾಟಿಸಬೇಡಿ. ನಟರ ಅಭಿಮಾನಿಗಳ ಜಗಳಕ್ಕೆ ಇಲ್ಲಿ ಜಾಗವಿಲ್ಲ. ಧ್ವನಿ ಸಂದೇಶವಾದರೆ ಎರಡು ನಿಮಿಷ ಮೀರದಿರಲಿ.