ಸಂಚಿಕೆ ಕೈಗೆ ಬಂತು, ಥ್ಯಾಂಕ್ಸ್ ಹೇಳೋದು ಬಾಕಿ ಇದೆ

ನಮ್ಮ ಹೈಸ್ಕೂಲಿನ ವಾರ್ಷಿಕ ಸಂಚಿಕೆ ಅಚ್ಚಾಗಿ ಬಂದಿದೆ. ಬೀಳ್ಕೊಡುಗೆ ದಿನವೇ ಹಂಚಿಯೂ ಆಯ್ತು. ಒಳಗೆ ಸಂಪಾದಕಿ ಅಂತ ನನ್ನ ಹೆಸರಿದೆ. ಅದನ್ನು ನೋಡಿ ಎಲ್ಲರೂ ನನಗೇ ಶಹಬ್ಬಾಸ್ ಹೇಳುತ್ತಿದ್ದಾರೆ. ಸಂತೋಷವೇ. ಆದರೆ ಕೆಲಸ ಮಾಡಿದವರ ಹೆಸರೆಲ್ಲ ಒಂದು ಪುಟದಲ್ಲಿ ಹಿಡಿಸಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಂಡ್ಯದ ಪೇಟೆ ಬೀದಿಯ ಡಿಟಿಪಿ ಅಕ್ಕ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸಿ ಅಚ್ಚಿಗೆ ಸಿದ್ಧ ಮಾಡಿಕೊಟ್ಟವರು. ನಾವು ಬರಹಗಳನ್ನೆಲ್ಲ ಮೊಬೈಲಿನಲ್ಲಿ ಟೈಪ್ ಮಾಡಿದ್ದೆವು, ಅಂದರೆ ಈಗಿನ ಫೋನುಗಳಲ್ಲೆಲ್ಲ ಇರುವ ಯೂನಿಕೋಡ್ ಅಕ್ಷರ. ಅಕ್ಕನ ಕಂಪ್ಯೂಟರಿನಲ್ಲಿ ಇದ್ದದ್ದು ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್. ಅದಕ್ಕೆ ಯೂನಿಕೋಡ್ ಕನ್ನಡ ಆಗಿಬರಲ್ಲ. ಎಲ್ಲವನ್ನೂ ಅದಕ್ಕೆ ಹೊಂದುವ ಹಳೇ ನುಡಿ ಫಾಂಟಿಗೆ ಬದಲಾಯಿಸಬೇಕು. ಬದಲಾಯಿಸಿದ ಮೇಲೂ ಒತ್ತಕ್ಷರ ಒಂದು ಕಡೆ, ಅರ್ಕಾವತ್ತು ಇನ್ನೊಂದು ಕಡೆ. ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು, ಅಕ್ಕ ಸಾಲು ಸಾಲು ಓದಿ ಸರಿ ಮಾಡಿದರು. ಪುಟ ಲೆಕ್ಕ ಹಾಕಿದರೆ 50 ಬಂತು. ನಡುವೆ ಪಿನ್ ಹೊಡೆಯುವ ಪುಸ್ತಕ ನಾಲ್ಕರ ಲೆಕ್ಕದಲ್ಲೇ ಇರಬೇಕು. "ಎರಡು ಪುಟ ಬಿಡ್ತೀರೋ, ಇನ್ನೆರಡು ತುಂಬಿಸ್ತೀರೋ?" ಅಂದರು. ಎಂಟನೇ ಕ್ಲಾಸಿನವರ ಪೆನ್ಸಿಲ್ ಚಿತ್ರಗಳು ಒಳಗೆ ಬಂದದ್ದು ಹಾಗೆ. ಈಗ ಎಲ್ಲರೂ ಮೊದಲು ತೆಗೆದು ನೋಡುತ್ತಿರುವುದು ಆ ಪುಟಗಳನ್ನೇ!

ನಮ್ಮ ಅಟೆಂಡರ್ ಅಣ್ಣ ಇಲ್ಲದಿದ್ದರೆ ಗ್ರೂಪ್ ಫೋಟೋಗಳ ಕೆಳಗೆ ಹೆಸರೇ ಇರುತ್ತಿರಲಿಲ್ಲ. ಎಡದಿಂದ ಬಲಕ್ಕೆ, ಕುಳಿತವರು, ನಿಂತವರು ಅಂತ ಬರೆಯಬೇಕಲ್ವಾ? ಹಿಂದಿನ ಸಾಲಿನವರದು ಅರ್ಧ ಮುಖ, ಕೆಲವರದು ಬರೀ ಕೂದಲು. ಒಂದೇ ಹೆಸರಿನವರು ಬೇರೆ, ಇನಿಷಿಯಲ್ ಮಾತ್ರ ವ್ಯತ್ಯಾಸ. ಅಣ್ಣ ಕನ್ನಡಕ ಏರಿಸಿಕೊಂಡು ಬೆರಳಿಟ್ಟು, "ಇವ್ನು ಕೀಲಾರದ ಬಸ್ಸಿಗೆ ಬರೋನು ಕಣವ್ವ, ಅವ್ನ ಪಕ್ಕದೋನು ಸೈಕಲ್ಲು" ಅಂತ ಹೇಳುತ್ತಾ ಹೋದರು. ಹಾಜರಿ ಪುಸ್ತಕದ ಜೊತೆ ತಾಳೆ ನೋಡಿದೆವು. ಒಂದೂ ತಪ್ಪಿರಲಿಲ್ಲ.

ಫೋಟೋ ತೆಗೆದ ಅಣ್ಣನಿಗೂ ಥ್ಯಾಂಕ್ಸ್. ವಾಟ್ಸಾಪಿನಲ್ಲಿ ಸುಮ್ನೆ ಕಳಿಸಿದ ಫೋಟೋ ಕುಗ್ಗಿ ಬರುತ್ತದೆ, ಅಚ್ಚಿಗೆ ಸಾಲದು. ಬೇಸರ ಮಾಡಿಕೊಳ್ಳದೆ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಕೊಟ್ಟರು.

ಕನ್ನಡ ಮಿಸ್‌ಗೆ ಒಂದು ವಿಷಯಕ್ಕೆ ವಿಶೇಷವಾಗಿ ಋಣಿ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ತಾತನ ಆಲೆಮನೆ ಬಗ್ಗೆ ಬರೆದಿದ್ದ. "ಬಿಸಿ ಬೆಲ್ಲ ತಿನ್ನಾಕೋಗಿ ನಾಲ್ಗೆ ಸುಟ್ಕಂಡಿದ್ದೀನಿ" ಅಂತ ಅವನು ಮಾತಾಡುವ ಹಾಗೇ ಇತ್ತು. ಪುಸ್ತಕದ ಭಾಷೆಗೆ ತಿದ್ದಬೇಕು ಅಂತ ಸುಮಾರು ಜನ ಅಂದರು. ಮಿಸ್ ಕಾಗುಣಿತ ಮಾತ್ರ ನೋಡಿ ಹಾಗೇ ಬಿಟ್ಟರು. ನನ್ನ ಪ್ರಕಾರ ಇಡೀ ಸಂಚಿಕೆಯಲ್ಲಿ ಅದೇ ಒಳ್ಳೆಯ ಬರಹ. ನನ್ನ ಸಂಪಾದಕೀಯಕ್ಕಿಂತ ಖಂಡಿತ ಚೆನ್ನಾಗಿದೆ.

ಜಾಹೀರಾತು ಕೊಟ್ಟ ಅಂಗಡಿಯವರಿಗೆಲ್ಲ ನಮಸ್ಕಾರ. ಹಾರ್ಡ್‌ವೇರ್ ಅಂಗಡಿ ಅಂಕಲ್, ನಿಮ್ಮ ಫೋನ್ ನಂಬರ್ ಸರಿಯಾಗೇ ಬಂದಿದೆ, ನೋಡಿಕೊಳ್ಳಿ.

ಅಮ್ಮ, ಎಸ್ಸೆಸ್ಸೆಲ್ಸಿ ಹತ್ತಿರ ಬಂತು ಅಂತ ಗೊಣಗುತ್ತಲೇ, ಅವರೆಕಾಯಿ ಬಿಡಿಸುತ್ತಾ ಪ್ರೂಫ್ ಓದಿಕೊಟ್ಟೆಯಲ್ಲ. ನಮ್ಮ ಕಣ್ಣಿಗೆ ಬೀಳದ ತಪ್ಪುಗಳು ಸಿಕ್ಕಿದ್ದು ನಿನಗೇ.

ಬೀಳ್ಕೊಡುಗೆ ದಿನ ಬಾರದವರ ಪ್ರತಿಗಳು ಆಫೀಸಿನಲ್ಲಿವೆ, ತಗೊಳ್ಳಿ. ಫೋಟೋಗಳ ಪೆನ್‌ಡ್ರೈವ್ ಮಿಸ್ ಹತ್ತಿರ ಇದೆ. ಮುಂದಿನ ವರ್ಷದ ಸಂಪಾದಕರೇ, ಡಿಟಿಪಿ ಅಕ್ಕನ ಹತ್ತಿರ ಜನವರಿಗೆ ಮುಂಚೆಯೇ ಹೋಗಿ. ಆಮೇಲೆ ಮದುವೆ ಕಾರ್ಡುಗಳ ಕೆಲಸ ಜಾಸ್ತಿ ಇರುತ್ತೆ.