ನಂದಿ ಬೆಟ್ಟದ ಗುಂಡುಗಳು ಗುಜರಿ ಮಾಲಲ್ಲ

ಮಾನ್ಯ ಸಂಪಾದಕರೇ,

ಚಿಕ್ಕಬಳ್ಳಾಪುರದಲ್ಲಿ ನಮ್ಮದು ಗುಜರಿ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಹಳೇ ಕಬ್ಬಿಣ, ಹಿತ್ತಾಳೆ, ಸೀಸ, ರಟ್ಟು, ಸತ್ತ ಬ್ಯಾಟರಿ, ಇವೇ ನಮ್ಮ ಅನ್ನ. ಈಚೆಗೆ ಅಂಗಡಿಗೆ ಇನ್ನೊಂದು ಥರದ ಮಾಲು ಬರೋಕೆ ಶುರುವಾಗಿದೆ. ಅದರ ಬಗ್ಗೆ ಈ ಪತ್ರ.

ಕಳೆದ ಬೇಸಿಗೆಯಲ್ಲಿ ಇಬ್ಬರು ಹುಡುಗರು ಬೈಕಿನಲ್ಲಿ ಬಂದರು. ಸಿಮೆಂಟ್ ಚೀಲದ ತುಂಡಿನಲ್ಲಿ ಕಟ್ಟಿದ್ದ ಗಂಟನ್ನು ತಕ್ಕಡಿ ಪಕ್ಕ ಬಿಚ್ಚಿದರು. ಒಳಗೆ ಸೀಸದ ಗುಂಡುಗಳು. ಸಣ್ಣ ನೆಲ್ಲಿಕಾಯಿ ಗಾತ್ರ, ಮೇಲೆಲ್ಲ ಬಿಳಿ ಪದರ. ಉಗುರಿನಲ್ಲಿ ಕೆರೆದರೆ ಬೂದು ಬಣ್ಣ ಕಾಣುತ್ತಿತ್ತು. ಹೆಚ್ಚಿನವು ದುಂಡಗೇ ಇದ್ದವು. ಒಂದು ಮಾತ್ರ ಒಂದು ಕಡೆ ಪೂರ್ತಿ ಚಪ್ಪಟೆಯಾಗಿತ್ತು, ಬಂಡೆಗೆ ಬಡಿದ ಹಾಗೆ. "ತೂಕಕ್ಕೆ ಬೇಡ ಅಣ್ಣಾ, ಬೆಂಗಳೂರಲ್ಲಿ ಆಂಟಿಕ್ ಪಾರ್ಟಿ ಯಾರಾದ್ರೂ ಗೊತ್ತಾ? ಪೀಸಿಗೆ ಇಷ್ಟು ಅಂತ ಕೊಡ್ತಾರಂತೆ" ಅಂದರು. ಎಲ್ಲಿ ಸಿಕ್ಕಿತು ಅಂತ ಕೇಳಿದೆ. "ನಂದಿ ಬೆಟ್ಟದ ಕೆಳಗೆ. ಇಂಥ ಜಾಗ ಅಂತೇನಿಲ್ಲ, ಮಿಷಿನ್ ಕೂಗಿದ ಕಡೆಯೆಲ್ಲ ಅಗೆದ್ವಿ." ಮಿಷಿನ್ ಅಂದರೆ ಮಣ್ಣಿನೊಳಗೆ ಲೋಹ ಇದ್ದರೆ ಸದ್ದು ಮಾಡುವ ಮೆಟಲ್ ಡಿಟೆಕ್ಟರ್. ತಾಲ್ಲೂಕು ಕಚೇರಿಗೆ ಒಪ್ಪಿಸಿ ಅಂದಿದ್ದಕ್ಕೆ ಗಂಟು ಕಟ್ಟಿಕೊಂಡು ಹೊರಟೇ ಹೋದರು.

ನಂದಿ ಬೆಟ್ಟದ ಕೆಳಗೆ ಸೀಸದ ಗುಂಡು ಅಂದರೆ ನಮ್ಮ ಜಿಲ್ಲೆಯವರಿಗೆ 1791 ನೆನಪಾಗಬೇಕು. ಮೂರನೇ ಮೈಸೂರು ಯುದ್ಧದ ಕಾಲ. ಬ್ರಿಟಿಷರ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕೈಯಲ್ಲಿದ್ದ ನಂದಿದುರ್ಗಕ್ಕೆ ಮುತ್ತಿಗೆ ಹಾಕಿತ್ತು. ದಾರಿಯೇ ಇಲ್ಲದ ಆ ಬಂಡೆಗಳ ಮೇಲೆ ದಾರಿ ಮಾಡಿ, ಆನೆಗಳನ್ನು ಕಟ್ಟಿ ಫಿರಂಗಿ ಎಳೆಸಿದರು. ಅಕ್ಟೋಬರ್ 19ರಂದು, ಇನ್ನೂ ಬೆಳಕು ಹರಿಯುವ ಮುಂಚೆ, ಜನರಲ್ ಮೆಡೋಸ್ ಮುಂದಾಳತ್ವದಲ್ಲಿ ಕೋಟೆಗೆ ನುಗ್ಗಿದರು. ಮೇಲಿದ್ದ ಟಿಪ್ಪುವಿನ ಸೈನಿಕರು ಬಂಡೆ ಉರುಳಿಸಿ ತಡೆಯಲು ನೋಡಿದರು. ಇದನ್ನೆಲ್ಲ ಬರೆದಿಟ್ಟವರು ಗೆದ್ದ ಕಡೆಯ ಅಧಿಕಾರಿಗಳು. ಬಂಡೆ ಉರುಳಿಸಿದವರು ಏನೂ ಬರೆದಿಡಲಿಲ್ಲ. ಅವರು ಯಾರ ಮನೆ ಮಕ್ಕಳೋ, ಯಾವ ಊರಿನವರೋ. ಎಲ್ಲಿ ನಿಂತು ಹೋರಾಡಿದರು, ಯಾವ ಕಡೆಯಿಂದ ಗುಂಡು ಬಂತು ಅಂತ ಹೇಳೋಕೆ ಉಳಿದಿರುವುದು ಆ ನೆಲ ಒಂದೇ.

ಚಪ್ಪಟೆ ಗುಂಡು ಹಾರಿ ಬಂದು ಬಡಿದದ್ದು. ದುಂಡಗಿನದು ಹೊಡೆಯದೆಯೇ ಯಾರ ಕೈಯಿಂದಲೋ ಬಿದ್ದದ್ದು ಇರಬಹುದು. ಅವು ಬಿದ್ದ ಜಾಗ ಗೊತ್ತಿದ್ದರೆ ಸೈನಿಕ ನಿಂತ ಜಾಗವೂ ಗೊತ್ತಾಗುತ್ತದೆ. ಗಂಟಿಗೆ ಸೇರಿದ ಮೇಲೆ ಅದು ಬರೀ ಸೀಸ. ಸೀಸದ ವ್ಯಾಪಾರ ಮಾಡುವ ನಾನೇ ಈ ಮಾತು ಹೇಳುತ್ತಿದ್ದೇನೆ.

ಮಿಷಿನ್‌ದೇ ತಪ್ಪು ಅಂತ ನಾನು ಹೇಳಲ್ಲ. ಅಮೆರಿಕದ ಲಿಟಲ್ ಬಿಗ್‌ಹಾರ್ನ್ ಎಂಬಲ್ಲಿ 1876ರಲ್ಲಿ ಅಲ್ಲಿನ ಮೂಲನಿವಾಸಿಗಳಿಗೂ ಕಸ್ಟರ್ ಎಂಬ ಸೇನಾಧಿಕಾರಿಯ ದಳಕ್ಕೂ ಯುದ್ಧವಾಯಿತು. ಕಸ್ಟರ್ ಜೊತೆಗಿದ್ದ ತುಕಡಿಯಲ್ಲಿ ಒಬ್ಬ ಸೈನಿಕನೂ ಉಳಿಯಲಿಲ್ಲ. 1983ರಲ್ಲಿ ಬೆಂಕಿ ಬಿದ್ದು ಅಲ್ಲಿನ ಹುಲ್ಲೆಲ್ಲ ಸುಟ್ಟಿತು. ಮರುವರ್ಷ ಪುರಾತತ್ವದವರು ಇದೇ ಮೆಟಲ್ ಡಿಟೆಕ್ಟರ್ ಹಿಡಿದು ಸಾಲಾಗಿ ನಡೆದರು. ಸದ್ದು ಬಂದ ಕಡೆ ಬಾವುಟ ನೆಟ್ಟು, ಅಳತೆ ಬರೆದುಕೊಂಡು, ಆಮೇಲೆ ಎತ್ತಿದರು. ತೋಟಾದ ಖಾಲಿ ಚಿಪ್ಪಿನ ಮೇಲಿದ್ದ ಗುರುತಿನಿಂದ ಒಂದೊಂದು ಬಂದೂಕು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಪತ್ತೆ ಮಾಡಿದರು. ನಮ್ಮ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದಲ್ಲೂ 2018ರಲ್ಲಿ ಹಾಳು ಬಾವಿಯೊಂದರಿಂದ ಮೈಸೂರು ಕಾಲದ ಸಾವಿರದಷ್ಟು ರಾಕೆಟ್‌ಗಳನ್ನು ಪುರಾತತ್ವ ಇಲಾಖೆಯವರೇ ತೆಗೆದರು. ಅಷ್ಟೂ ಒಟ್ಟಿಗೆ ಉಳಿದದ್ದರಿಂದಲೇ ಅಲ್ವಾ ಅಲ್ಲಿ ಎಂಥ ಮದ್ದುಗುಂಡಿನ ದಾಸ್ತಾನಿತ್ತು ಅಂತ ಗೊತ್ತಾದದ್ದು? ಅದೇ ರಾಕೆಟ್‌ಗಳು ಮೊದಲು ನನ್ನಂಥವನ ಅಂಗಡಿಗೆ ಬಂದಿದ್ದರೆ ಕಬ್ಬಿಣದ ಕೊಳವೆ ಅಂತ ಕೆಜಿ ಲೆಕ್ಕದಲ್ಲಿ ಕುಲುಮೆ ಸೇರುತ್ತಿದ್ದವು.

ನಮ್ಮ ವ್ಯಾಪಾರದವರು ತಿಳಿಯಲೇಬೇಕಾದ ಒಂದು ವಿಷಯ ಇದೆ. 1942ರ ಫೆಬ್ರುವರಿಯಲ್ಲಿ ಜಾವಾ ಸಮುದ್ರದ ಯುದ್ಧದಲ್ಲಿ ಡಚ್ಚರ ಯುದ್ಧ ಹಡಗುಗಳು ನೂರಾರು ನಾವಿಕರ ಸಮೇತ ಮುಳುಗಿದವು. 2002ರಲ್ಲಿ ಮುಳುಗುಗಾರರು ಅವನ್ನು ಪತ್ತೆ ಮಾಡಿದ್ದರು. 2016ರಲ್ಲಿ ಮತ್ತೆ ಹೋಗಿ ನೋಡಿದರೆ 'ಡಿ ರಾಯ್ಟರ್', 'ಜಾವಾ' ಎಂಬ ಎರಡು ದೊಡ್ಡ ಹಡಗುಗಳೇ ಇಲ್ಲ! ಸಮುದ್ರದ ತಳದಲ್ಲಿ ಹಡಗು ಮಲಗಿದ್ದ ಅಚ್ಚು ಮಾತ್ರ ಉಳಿದಿತ್ತು. ಲೋಹದ ಆಸೆಗೆ ಕತ್ತರಿಸಿ ಮಾರಿದ್ದರು. ಅದು ಆ ನಾವಿಕರ ಸಮಾಧಿಯೂ ಆಗಿತ್ತು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಕೊನೆಗೆ ಅದನ್ನು ತೂಕ ಹಾಕಿದವನೂ ನನ್ನಂತೆ ಗುಜರಿಯವನೇ ತಾನೇ.

ಹುಡುಗರ ತಲೆಗೆ ಈ ಆಸೆ ಎಲ್ಲಿಂದ ಬಂತು ಅಂತ ಗೊತ್ತು. 2023ರಲ್ಲಿ ಟಿಪ್ಪುವಿನ ಖಡ್ಗ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಆದರೆ ಆ ಬೆಲೆ ಬರೀ ಉಕ್ಕಿಗಲ್ಲ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಡೇವಿಡ್ ಬೇರ್ಡ್ ಎಂಬ ಸೇನಾಧಿಕಾರಿಯ ಕೈ ಸೇರಿತು ಅನ್ನುವ ದಾಖಲೆ ಅದರ ಜೊತೆಗಿತ್ತು. ರಾತ್ರಿ ಅಗೆದು ತಂದ ಗುಂಡಿಗೆ ಎಂಥ ದಾಖಲೆ? ಹುಡುಗರಿಗೆ ಸಿಗುವುದು ಪುಡಿಗಾಸು. ನಡುವಿನ ದಲ್ಲಾಳಿಗೆ ಜಾಸ್ತಿ.

ವೀರಗಲ್ಲುಗಳದ್ದು ಇನ್ನೂ ದೊಡ್ಡ ನೋವು. ಕೋಲಾರ, ಚಿಕ್ಕಬಳ್ಳಾಪುರದ ಊರೂರಲ್ಲೂ ಅವು ಇವೆ. ಊರಿಗಾಗಿ, ದನಕರುಗಳಿಗಾಗಿ ಹೋರಾಡಿ ಸತ್ತವರ ಕಲ್ಲುಗಳು. ಅಡಿಯಲ್ಲಿ ನಿಧಿ ಇದೆ ಅಂತ ಅವನ್ನೂ ಕೀಳುತ್ತಾರೆ. ಅಡಿಯಲ್ಲಿ ಏನೂ ಇರಲ್ಲ, ಇರುವುದೆಲ್ಲ ಕಲ್ಲಿನ ಮೇಲೇ ಇದೆ. ನಮ್ಮ ಭಾಗದ ಶಾಸನಗಳನ್ನು ಲೂಯಿಸ್ ರೈಸ್ 1905ರಲ್ಲೇ ಊರ ಹೆಸರಿನ ಸಮೇತ ಅಚ್ಚು ಹಾಕಿಸಿದರು. ಅದರಲ್ಲಿ ಸೇರದ, ಅಕ್ಷರವಿಲ್ಲದ ಕಲ್ಲನ್ನು ಒಮ್ಮೆ ಕಿತ್ತರೆ ಅದು ಯಾವ ಊರಿನದು ಅಂತ ಹೇಳುವವರೇ ಇರಲ್ಲ.

ಉಳುವಾಗ ರೈತನಿಗೆ ಏನೋ ಸಿಕ್ಕರೆ ಅವನನ್ನು ಕಳ್ಳನ ಹಾಗೆ ನೋಡಬಾರದು. ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನುವುದು 1878ರ ಕಾಯ್ದೆಯಿಂದಲೂ ಇದೆ. ನೂರು ವರ್ಷ ದಾಟಿದ ಪುರಾತನ ವಸ್ತುಗಳಿಗೆ 1972ರ ಕಾಯ್ದೆ ಇದೆ. ಆದರೂ ಜನ ಹೆದರುತ್ತಾರೆ. ಸ್ಟೇಷನ್ನು, ಪಂಚನಾಮೆ, ಜಮೀನು ಹೋಗುತ್ತೇನೋ ಅನ್ನುವ ಭಯ. ಸುಮ್ನೆ ಯಾಕೆ ಅಂತ ಗುಜರಿಗೆ ತರುತ್ತಾರೆ. ತಂದು ಒಪ್ಪಿಸಿದವನಿಗೆ ಒಂದು ರಸೀದಿ, ಒಂದಿಷ್ಟು ಗೌರವಧನ, ವಸ್ತುವಿನ ಪಕ್ಕ ಅವನ ಹೆಸರು, ಇಷ್ಟು ಕೊಟ್ಟರೆ ಎಷ್ಟೋ ಜನ ತಾವಾಗಿಯೇ ಬರುತ್ತಾರೆ. ಮಾರುವುದಕ್ಕೆಂದೇ ಮಿಷಿನ್ ಹಿಡಿದು ರಾತ್ರಿ ಹೋಗುವವನ ಮಾತೇ ಬೇರೆ. ಅವನ ಮೇಲೆ, ಅವನಿಂದ ಕೊಳ್ಳುವವನ ಮೇಲೆ ಇನ್ನೂ ಜಾಸ್ತಿ, ಕೇಸು ಆಗಲೇಬೇಕು.

ಜಿಲ್ಲಾಡಳಿತಕ್ಕೆ ನನ್ನ ಮನವಿ ಇದು. ನಂದಿ, ಗುಡಿಬಂಡೆ ಕೋಟೆಗಳ ಸುತ್ತಲ ಪಂಚಾಯಿತಿಗಳಲ್ಲಿ ಡಂಗುರ ಹೊಡೆಸಿ. ಜಿಲ್ಲೆಯ ಎಲ್ಲ ಗುಜರಿ ಅಂಗಡಿಯವರನ್ನು, ಜೆಸಿಬಿ ಮಾಲೀಕರನ್ನು ಒಮ್ಮೆ ಕೂರಿಸಿ, ಯಾವುದು ಹಳೇ ವಸ್ತು, ಹೇಗೆ ಗುರುತಿಸಬೇಕು ಅಂತ ತೋರಿಸಿ. ಇಂಥದ್ದು ಬಂದರೆ ಯಾರಿಗೆ ಫೋನ್ ಮಾಡಬೇಕು ಅನ್ನುವ ನಂಬರನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಕೊಡಿ. ನನ್ನ ತಕ್ಕಡಿ ಮೇಲಿನ ಗೋಡೆಯಲ್ಲಿ ಅದಕ್ಕೆ ಜಾಗ ಇದೆ.

ಇಂತಿ,
ಒಬ್ಬ ಗುಜರಿ ವ್ಯಾಪಾರಿ, ಚಿಕ್ಕಬಳ್ಳಾಪುರ